ಧೀಂಗಿಣದ ಫೋಟೊಗೆ ಐಎಸ್‌ಒ ಎಷ್ಟಿರಬೇಕು?

ಕೊಯ್ಲು ಮುಗಿದ ಗದ್ದೆ, ರಾತ್ರಿ ಹನ್ನೊಂದು ದಾಟಿದೆ. ಚೆಂಡೆಗೆ ಕಾವು ಏರಿ ಪುಂಡುವೇಷದವರು ಹಾರಿ ಹಾರಿ ಕುಣಿಯುವ ಧೀಂಗಿಣ ಶುರು ಮಾಡಿದ್ದಾರೆ. ನಾನು ರಂಗಸ್ಥಳದ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದರ ಮೇಲೊಂದು ಫೋಟೊ ಹೊಡೆಯುತ್ತಿದ್ದೇನೆ. ಮರುದಿನ ಕಂಪ್ಯೂಟರಿಗೆ ಹಾಕಿ ನೋಡಿದರೆ ಭಾಗವತರು ಕಡೆದಿಟ್ಟ ಹಾಗೆ ಸ್ಪಷ್ಟ, ಅವರು ಕೂತವರಲ್ಲವೇ! ಕುಣಿದವರ ಕೈಗಳೆಲ್ಲ ಹೊಗೆ. ಒಂದು ಫೋಟೊದಲ್ಲಂತೂ ಅಭಿಮನ್ಯುವಿಗೆ ರಾವಣನ ಹಾಗೆ ಹಲವು ತಲೆ.

ಯಕ್ಷಗಾನಕ್ಕೆ ನಾನು ಕ್ಯಾಮೆರಾ ಹಿಡಿದುಕೊಂಡು ಹೋದ ಮೊದಲ ರಾತ್ರಿ ಅದು. ತಪ್ಪು ಕ್ಯಾಮೆರಾದ್ದಲ್ಲ. ಹೊರಡುವಾಗ ಹಿರಿಯರೊಬ್ಬರು, “ಏನೇ ಆದರೂ ಐಎಸ್‌ಒ 800 ದಾಟಿಸಬೇಡ ಮಾರಾಯ, ಫೋಟೊ ಪೂರಾ ಕಾಳುಕಾಳು ಆಗ್ತದೆ” ಎಂದಿದ್ದರು. ಅದನ್ನು ವೇದವಾಕ್ಯ ಎಂದುಕೊಂಡಿದ್ದೆ.

ಆ ರಾತ್ರಿ ಏನಾಯಿತು ಎಂಬ ಲೆಕ್ಕ ಸುಲಭ. ಕ್ಯಾಮೆರಾ ಜೊತೆ ಬಂದ ಲೆನ್ಸ್ ಜೂಮ್ ಮಾಡಿದಾಗ ಎಫ್ 5.6ಕ್ಕಿಂತ ಹೆಚ್ಚು ಬಾಯಿ ತೆರೆಯುವುದಿಲ್ಲ. ಐಎಸ್‌ಒ 800ಕ್ಕೆ ಕಟ್ಟಿಹಾಕಿದ್ದೆ. ಉಳಿದದ್ದು ಶಟರ್ ಒಂದೇ. ಬೆಳಕು ಸಾಲದೆ ಕ್ಯಾಮೆರಾ ಅದನ್ನು ಸೆಕೆಂಡಿನ 15ನೇ ಒಂದು ಭಾಗಕ್ಕೆ ಇಳಿಸಿತ್ತು. ಬೀಸುವ ಕೈ ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿದೆ ಎಂದಿಟ್ಟುಕೊಳ್ಳಿ. ಶಟರ್ ತೆರೆದಿದ್ದ ಅಷ್ಟರಲ್ಲೇ ಕೈ 33 ಸೆಂಟಿಮೀಟರ್ ಸರಿದಿರುತ್ತದೆ, ಅಂದರೆ ಒಂದು ಅಡಿಗಿಂತ ಹೆಚ್ಚು. ಅದೇ ಶಟರ್ 1/500 ಇದ್ದರೆ ಕೈ ಸರಿಯುವುದು ಒಂದೇ ಸೆಂಟಿಮೀಟರ್. 1/15ರಿಂದ 1/500ಕ್ಕೆ ಹೋಗಲು ಐದು ಸ್ಟಾಪ್, ಅಂದರೆ 32 ಪಟ್ಟು ಬೆಳಕು ಬಿಟ್ಟುಕೊಡಬೇಕು. ಅದೇ ಲೆನ್ಸ್‌ನಲ್ಲಿ ಆ ನಷ್ಟ ತುಂಬಲು ಐಎಸ್‌ಒ 25600 ಬೇಕು. ಎಫ್ 2.8 ಲೆನ್ಸ್ ಇದ್ದರೆ 6400 ಸಾಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 50 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ 2500ರ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತದೆ. ದುಬಾರಿ ಬಾಡಿ ಕೊಳ್ಳುವ ಮೊದಲು ಈ ಲೆನ್ಸ್ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹಿರಿಯರ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ, ಅವರು ರೀಲಿನ ಕಾಲದವರು. ಅಮೆರಿಕದ ಎಎಸ್‌ಎ, ಜರ್ಮನಿಯ ಡಿಐಎನ್ ಎಂಬ ಎರಡು ಅಳತೆಗಳನ್ನು 1974ರಲ್ಲಿ ಒಂದುಗೂಡಿಸಿದಾಗ ಬಂದ ಹೆಸರು ಐಎಸ್‌ಒ. ಆಗ 400ರ ರೀಲು ಹಾಕಿದರೆ 36 ಫೋಟೊ ಮುಗಿಯುವವರೆಗೂ 400ಕ್ಕೇ ಬದ್ಧ. ಅದನ್ನು 1600ಕ್ಕೆ ಎಳೆದರೆ ಕಾಳು ಕಣ್ಣಿಗೆ ಹೊಡೆಯುತ್ತಿತ್ತು. ಮೊದಮೊದಲ ಡಿಜಿಟಲ್ ಕ್ಯಾಮೆರಾಗಳದ್ದೂ 800 ದಾಟಿದರೆ ಅದೇ ಕಥೆ. 2007ರಲ್ಲಿ ನಿಕಾನ್ ಡಿ3 ಬಂದು 6400ರಲ್ಲೂ ಅಚ್ಚಿಗೆ ಕೊಡಬಹುದಾದ ಚಿತ್ರ ತೆಗೆದಾಗ ರಾತ್ರಿ ಕೆಲಸ ಮಾಡುವ ಫೋಟೊಗ್ರಾಫರರ ಲೆಕ್ಕಾಚಾರವೇ ಬದಲಾಯಿತು. ಈಗ ಸಾಧಾರಣ ಕ್ಯಾಮೆರಾಗಳೂ ಆ ಮಟ್ಟಕ್ಕೆ ಬಂದಿವೆ. ಎಚ್ಚರಿಕೆ ಮಾತ್ರ 800ರಲ್ಲೇ ನಿಂತಿದೆ.

ಇಷ್ಟಕ್ಕೂ ಆ ಕಾಳು ಎಲ್ಲಿಂದ ಬರುತ್ತದೆ? ಐಎಸ್‌ಒ ಏರಿಸಿದ್ದರಿಂದ ಎಂದೇ ಹೆಚ್ಚಿನವರ ನಂಬಿಕೆ. ನಿಜವಾದ ಕಾರಣ ಬೆಳಕಿನ ಬರ. ಅಂಗಳದಲ್ಲಿ ಹತ್ತು ಚೆಂಬು ಸಾಲಾಗಿಡಿ. ಆಷಾಢದ ಜಡಿಮಳೆ ಒಂದು ಗಂಟೆ ಸುರಿದರೆ ಹತ್ತರಲ್ಲೂ ನೀರಿನ ಮಟ್ಟ ಹೆಚ್ಚುಕಡಿಮೆ ಒಂದೇ. ನಾಲ್ಕು ಹನಿ ಉದುರಿ ನಿಂತ ಮಳೆಗೆ ಒಂದು ಚೆಂಬಿನಲ್ಲಿ ಮೂರು ಹನಿ, ಪಕ್ಕದ್ದರಲ್ಲಿ ಒಂದೂ ಇಲ್ಲ. ಬೆಳಕೂ ಹನಿಹನಿಯಾಗಿಯೇ ಬೀಳುವುದು. ಆ ಹನಿಗೆ ಫೋಟಾನ್ ಎನ್ನುತ್ತಾರೆ. ಒಂದು ಪಿಕ್ಸೆಲ್‌ಗೆ ಸರಾಸರಿ 10,000 ಫೋಟಾನ್ ಬಿದ್ದರೆ ಏರುಪೇರು ಅದರ ವರ್ಗಮೂಲದಷ್ಟು, ಸುಮಾರು 100, ಅಂದರೆ ಶೇಕಡಾ 1. ಬರೀ 100 ಫೋಟಾನ್ ಬಿದ್ದಲ್ಲಿ ಏರುಪೇರು 10, ಶೇಕಡಾ 10. ಒಂದೇ ಬಣ್ಣದ ಕಪ್ಪು ಪರದೆ ಚುಕ್ಕೆಚುಕ್ಕೆಯಾಗಿ ಕಾಣುವುದು ಹೀಗೆ. ಐಎಸ್‌ಒ ಏರಿಸಿದಾಗ ಸೆನ್ಸರಿಗೆ ಒಂದು ಹನಿ ಬೆಳಕೂ ಹೆಚ್ಚು ಬೀಳುವುದಿಲ್ಲ. ಬಿದ್ದಷ್ಟನ್ನು ಹಿಗ್ಗಿಸಿ ತೋರಿಸುತ್ತದೆ, ಜೊತೆಗೆ ಏರುಪೇರನ್ನೂ.

ಹಾಗಿದ್ದರೆ ಐಎಸ್‌ಒ 800ರಲ್ಲೇ ಕಪ್ಪಾಗಿ ತೆಗೆದು ಮನೆಯಲ್ಲಿ ಬೆಳಗಿಸಿಕೊಂಡರಾಯಿತಲ್ಲ ಎಂದು ಕೇಳುವವರಿದ್ದಾರೆ. ಭಾಗವತರ ಪದವನ್ನು ಹಳೆ ಟೇಪ್ ರೆಕಾರ್ಡರಿನಲ್ಲಿ ಸಣ್ಣ ದನಿಗೆ ರೆಕಾರ್ಡ್ ಮಾಡಿ ಆಮೇಲೆ ವಾಲ್ಯೂಮ್ ಏರಿಸಿದವರಿಗೆ ಉತ್ತರ ಗೊತ್ತು: ಪದದ ಜೊತೆ ಟೇಪಿನ ಸುಯ್ ಎಂಬ ಸದ್ದೂ ಏರುತ್ತದೆ. ಕ್ಯಾಮೆರಾದ ಒಳಗೂ, ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಹಂತದಲ್ಲಿ ಅಂಥದ್ದೇ ಸದ್ದು ಸೇರುತ್ತದೆ. ಐಎಸ್‌ಒ ಏರಿಸುವುದೆಂದರೆ ಆ ಹಂತಕ್ಕೆ ಮೊದಲೇ ದನಿ ಎತ್ತಿದ ಹಾಗೆ. ಹೊಸ ಸೆನ್ಸರುಗಳಲ್ಲಿ ಈ ವ್ಯತ್ಯಾಸ ತೀರಾ ಕಡಿಮೆಯಾಗಿದೆ, ನಿಜ. ಜೆಪೆಗ್‌ನಲ್ಲಿ ತೆಗೆಯುವವರಿಗೆ ಮಾತ್ರ ಕತ್ತಲಿನಿಂದ ಮೇಲೆತ್ತುವ ಸಾಹಸ ಬೇಡ. ಪ್ರತಿ ಬಣ್ಣಕ್ಕೆ 256 ಹಂತಗಳಷ್ಟೇ ಅದರಲ್ಲಿ ಉಳಿದಿರುತ್ತವೆ, 14 ಬಿಟ್‌ನ ರಾ ಫೈಲಿನಲ್ಲಿ 16,384. ಯಕ್ಷಗಾನದ ಆಟಕ್ಕೆ ಹೋದರೆ ನಾನು ರಾ ಬಿಟ್ಟು ಬೇರೆ ತೆಗೆಯುವುದಿಲ್ಲ.

ಹಿಗ್ಗಿಸುವುದಕ್ಕೆ ಇನ್ನೊಂದು ಬೆಲೆಯಿದೆ. ಐಎಸ್‌ಒ ಒಮ್ಮೆ ದುಪ್ಪಟ್ಟಾದರೆ ಬಿಳಿ ಕಡೆಯ ಮಿತಿ ಒಂದು ಸ್ಟಾಪ್ ಹತ್ತಿರಕ್ಕೆ ಬರುತ್ತದೆ. ಇದು ಅರ್ಥವಾಗಬೇಕಾದರೆ ಮಹಿಷಾಸುರನ ಪ್ರವೇಶ ನೋಡಬೇಕು. ದೊಂದಿ ಹಿಡಿದವರ ನಡುವೆ, ಸಭೆಯ ಮಧ್ಯದಿಂದಲೇ ಅಬ್ಬರಿಸುತ್ತ ಬರುತ್ತಾನೆ. ಅಷ್ಟರಲ್ಲಿ ಯಾರೋ ದೊಂದಿಗೆ ರಾಳದ ಹುಡಿ ಎರಚುತ್ತಾರೆ. ಬೆಂಕಿ ಭುಗ್ಗೆಂದು ಆಳೆತ್ತರ ಏಳುತ್ತದೆ. ಒಂದು ಕ್ಷಣದ ಹಿಂದೆ 12800 ಬೇಡುತ್ತಿದ್ದ ಕತ್ತಲೆ ಈಗ 1600ಕ್ಕೇ ಸಾಕಾಗುವಷ್ಟು ಬೆಳಕು. ಆ ಬೆಂಕಿ ಒಮ್ಮೆ ಸುಣ್ಣದ ಹಾಗೆ ಬಿಳಿಯಾಯಿತೆಂದರೆ ಯಾವ ಸಾಫ್ಟ್‌ವೇರೂ ಅದರ ಕೆಂಪನ್ನು ಹಿಂದೆ ತರದು. ನಾನು ಈ ಪ್ರವೇಶಕ್ಕೆ ಐಎಸ್‌ಒ 1600ಕ್ಕೆ ಇಳಿಸಿ ರಾಳಕ್ಕಾಗಿ ಕಾಯುತ್ತೇನೆ. ಬೆಂಕಿಯ ಬೆಳಕಿನಲ್ಲೇ ಮುಖ ಸಿಕ್ಕಿತೋ ಸಿಕ್ಕಿತು, ಇಲ್ಲವಾದರೆ ಮುಂದಿನ ಆಟಕ್ಕೆ.

ಉಳಿದ ಹೊತ್ತಿಗೆ ನನ್ನ ಪದ್ಧತಿ ಹೀಗೆ. ಕ್ಯಾಮೆರಾ ಮ್ಯಾನ್ಯುಯಲ್‌ನಲ್ಲಿ, ಅಪರ್ಚರ್ ಎಫ್ 2.8. ಕುಣಿತಕ್ಕೆ ಶಟರ್ 1/500, ಮಾತುಗಾರಿಕೆಯ ಹೊತ್ತಿಗೆ 1/160. ಐಎಸ್‌ಒ ಮಾತ್ರ ಆಟೊ, 12800ರ ಮಿತಿಯೊಳಗೆ. ಧೀಂಗಿಣ ಹಾರಿದವರು ತುತ್ತತುದಿಯಲ್ಲಿ ಒಂದು ಕ್ಷಣ ಮೇಲೂ ಹೋಗದೆ ಕೆಳಗೂ ಬಾರದೆ ನಿಂತಂತಿರುತ್ತಾರೆ. ತಾಳ ಕಿವಿಯಲ್ಲಿದ್ದರೆ ಆ ಕ್ಷಣ ಮೊದಲೇ ಗೊತ್ತಾಗುತ್ತದೆ. ಅಲ್ಲಿ 1/250 ಕೂಡ ಸಾಕು, ಐಎಸ್‌ಒ ಅರ್ಧಕ್ಕರ್ಧ ಉಳಿಯಿತು. ಪದ ಕೇಳದವರು ಒಳ್ಳೆಯ ಯಕ್ಷಗಾನ ಫೋಟೊ ತೆಗೆದದ್ದನ್ನು ನಾನಂತೂ ಕಂಡಿಲ್ಲ.

ಆಟೊ ಐಎಸ್‌ಒಗೆ ಒಂದು ಮಂಕುತನವಿದೆ. ರಂಗಸ್ಥಳದ ಹಿಂದಿನ ಕತ್ತಲೆಯನ್ನು ನೋಡಿ ಗಾಬರಿಯಾಗಿ ಬೆಳಕು ಸಾಲದು ಎಂದುಕೊಳ್ಳುತ್ತದೆ, ಮುಖವನ್ನು ಬಿಳುಚಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಒಂದು ಸ್ಟಾಪ್ ಕೆಳಗಿಟ್ಟರೆ ದಾರಿಗೆ ಬರುತ್ತದೆ. ಕತ್ತಲೆ ಕತ್ತಲೆಯಾಗಿಯೇ ಇರಲಿ, ಆಟ ನಡೆಯುವುದೇ ರಾತ್ರಿ. ಅಲ್ಲದೆ ಕಾಳು ಹೆಚ್ಚು ಎದ್ದು ಕಾಣುವುದೂ ಬಲವಂತವಾಗಿ ಬೆಳಗಿಸಿದ ಕಪ್ಪಿನಲ್ಲೇ.

ಗ್ಯಾಸ್‌ಲೈಟಿನ ಕಾಲ ಹೋಗಿ ಎಲ್‌ಇಡಿ ಬಂದ ಮೇಲೆ ಹೊಸ ಕಾಟವೊಂದು ಸೇರಿದೆ. ನಮ್ಮ ಕರೆಂಟು 50 ಹರ್ಟ್ಸ್‌ನದ್ದು. ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ, 1/500ರ ಶಟರಿಗೆ ತಿಳಿಯುತ್ತದೆ: ಒಂದು ಫೋಟೊ ಬೆಳಗು, ಮರುಫೋಟೊ ಮಂಕು. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಬಳಸಿದರೆ ಚಿತ್ರದ ಮೇಲೆ ಅಡ್ಡಪಟ್ಟೆಗಳೇ ಮೂಡಬಹುದು. ಚೆಂಡೆಯ ಎದುರು ಶಟರಿನ ಸದ್ದು ಯಾರಿಗೆ ಕೇಳಬೇಕು? ಮೆಕ್ಯಾನಿಕಲ್ ಶಟರನ್ನೇ ಇಟ್ಟುಕೊಳ್ಳಿ. ಆಂಟಿ ಫ್ಲಿಕರ್ ಸೌಲಭ್ಯವಿದ್ದರೆ ಹಾಕಿ.

ಫ್ಲ್ಯಾಶ್ ಬೇಡವೇ ಬೇಡ. ಕಿರೀಟ ಕಟ್ಟಿಕೊಂಡು ಗಿರಕಿ ಹೊಡೆಯುವವರ ಕಣ್ಣಿಗೆ ಅದು ಫಕ್ಕೆಂದು ಬಡಿದರೆ ಹೆಜ್ಜೆ ತಪ್ಪೀತು. ಫೋಕಸಿಗೆಂದು ಕ್ಯಾಮೆರಾ ಬಿಡುವ ಕೆಂಪು ದೀಪವನ್ನೂ ಆರಿಸಿಡಿ. ಚೌಕಿಯಲ್ಲಿ ಫ್ಲ್ಯಾಶಿನ ಅಗತ್ಯವೂ ಬೀಳುವುದಿಲ್ಲ. ಕನ್ನಡಿಯ ಮುಂದೆ ಬಣ್ಣ ಬರೆದುಕೊಳ್ಳುವವರು ಅಲುಗುವುದೇ ಕಡಿಮೆ, 1600ರಲ್ಲಿ 1/60 ಧಾರಾಳ. ಒಂದು ಮಾತು ಕೇಳಿ ತೆಗೆದರಾಯಿತು.

ಇನ್ನು ಕಾಳು ತೆಗೆಯುವ ಸಾಫ್ಟ್‌ವೇರ್. 2023ರಲ್ಲಿ ಲೈಟ್‌ರೂಮ್‌ಗೆ ಎಐ ಡಿನಾಯ್ಸ್ ಬಂದ ಮೇಲೆ 12800ರ ಫೋಟೊವೂ ಹಗಲಲ್ಲಿ ತೆಗೆದಂತೆ ನುಣುಪಾಗುತ್ತದೆ. ಆ ನುಣುಪೇ ತೊಂದರೆ. ಬಣ್ಣದ ವೇಷದ ಕೆನ್ನೆಯ ಮೇಲೆ ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಒಂದೊಂದಾಗಿ ಇಟ್ಟ ಚುಟ್ಟಿಯ ಸಾಲಿದೆಯಲ್ಲ, ಆ ಸಣ್ಣ ಮುಳ್ಳುಗಳನ್ನೂ ಕಾಳೆಂದು ತಿಳಿದು ಅದು ಒರೆಸಿಹಾಕಬಲ್ಲದು. ನಾನು ಅರ್ಧದಷ್ಟು ಮಾತ್ರ ಹಾಕಿ, ಚುಟ್ಟಿ ಉಳಿದಿದೆಯೇ ನೋಡಿ ನಿಲ್ಲಿಸುತ್ತೇನೆ. ಪರದೆಯಲ್ಲಿ ನೂರಕ್ಕೆ ನೂರು ಹಿಗ್ಗಿಸಿ ಕಾಳು ಹುಡುಕುವುದು ಫೋಟೊಗ್ರಾಫರರ ಚಟ. ಫೋನಿಗೆ ಕಳಿಸುವಾಗ ಚಿತ್ರ ಕಿರಿದಾಗಿ ನಾಲ್ಕು ಪಿಕ್ಸೆಲ್ ಸೇರಿ ಒಂದಾಗುತ್ತದೆ, ಏರುಪೇರು ಸುಮಾರು ಅರ್ಧಕ್ಕಿಳಿಯುತ್ತದೆ.

ಕೊನೆಗೊಂದು, ಇದು ನನಗೇ ಆದದ್ದು. ಮಹಿಷಾಸುರನ ಪ್ರವೇಶಕ್ಕೆ ಆಟೊ ಬಿಟ್ಟವನು ಆಮೇಲೆ 6400ಕ್ಕೆ ನಿಲ್ಲಿಸಿ ಮರೆತುಬಿಟ್ಟಿದ್ದೆ. ಮಂಗಳ ಮುಗಿದು ಹೊರಬಂದರೆ ಗದ್ದೆಯ ಮೇಲೆ ತೆಳ್ಳಗೆ ಮಂಜು, ಅರ್ಧ ಬಣ್ಣ ತೆಗೆದ ದೇವೇಂದ್ರರು ಹುಣಿಯ ಮೇಲೆ ಕೂತು ಚಹಾ ಕುಡಿಯುತ್ತಿದ್ದಾರೆ. ಅಂಥ ಚಿತ್ರ ಮತ್ತೆ ಸಿಕ್ಕುವುದಲ್ಲ. ನಿದ್ದೆಗಣ್ಣಲ್ಲಿ ಹತ್ತು ಸಲ ಕ್ಲಿಕ್ಕಿಸಿ, ಸ್ಕ್ರೀನ್ ನೋಡದೆ ಬಸ್ಸು ಹತ್ತಿದೆ. ಹತ್ತಕ್ಕೆ ಹತ್ತೂ ಹಾಲು ಚೆಲ್ಲಿದ ಹಾಗೆ ಬೆಳ್ಳಗೆ. ಈಗ ಮಂಗಳದ ಪದ ಎತ್ತುತ್ತಿದ್ದಂತೆ ನನ್ನ ಬೆರಳು ತಾನಾಗಿ ಐಎಸ್‌ಒ ಬಟನ್ನಿನ ಕಡೆಗೆ ಹೋಗುತ್ತದೆ.