ಏರ್‌ಗನ್ ಕೊಳ್ಳೋ ಮುಂಚೆ ಇದನ್ನ ಓದಿ: .177 ಯಾಕೆ, .22 ಯಾಕೆ, ಮೊಲಕ್ಕೆ ಹೊಡೆದ್ರೆ ಏನು ಕಥೆ?

ಅಡಿಕೆ ತೋಟಕ್ಕೆ ಮಂಗನ ಹಿಂಡು, ಗದ್ದೆಗೆ ನವಿಲು, ಹುರುಳಿ ಹೊಲಕ್ಕೆ ಮೊಲ. ಮಲೆನಾಡಿನ ತಾಲ್ಲೂಕುಗಳಲ್ಲಿ ಈ ಕಾಟ ಜಾಸ್ತಿ ಆದಾಗಲೆಲ್ಲ ‘ಒಂದು ಏರ್‌ಗನ್ ಇಟ್ಕೊಂಡ್ರೆ ಹೆಂಗೆ?’ ಅನ್ನೋ ಮಾತು ಬರುತ್ತೆ. ಲೈಸೆನ್ಸ್ ಬೇಡ, ದೊಡ್ಡ ಸದ್ದಿಲ್ಲ, ಕೋವಿಯಷ್ಟು ಖರ್ಚೂ ಇಲ್ಲ ಅನ್ನೋದು ಎಲ್ಲರ ಲೆಕ್ಕ. ಅದಾದ ಮೇಲಿನ ಪ್ರಶ್ನೆ, ಯಾವುದು ತಗೊಳ್ಳೋದು? .177 ಸಾಕಾ, .22 ಬೇಕಾ?

ಯೂಟ್ಯೂಬ್ ತೆಗೆದರೆ ಇದಕ್ಕೆ ನೂರು ಉತ್ತರ ಸಿಗುತ್ತೆ. ಆದರೆ ಆ ವಿಡಿಯೊಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕದವು. ಅಲ್ಲಿ ಇದು ಬೇಟೆಗಾರನ ಪ್ರಶ್ನೆ. ನಮ್ಮಲ್ಲಿ ಅದೇ ಪ್ರಶ್ನೆ ಕೇಳಿದರೆ ಉತ್ತರ ಪೊಲೀಸ್ ಠಾಣೆಯಲ್ಲೂ ಅರಣ್ಯ ಇಲಾಖೆ ಕಚೇರಿಯಲ್ಲೂ ಇದೆ. ಹಾಗಾಗಿ ಎರಡೂ ಕಡೆಯ ವಿಷಯ ತಿಳ್ಕೊಳ್ಳೋದು ಒಳ್ಳೇದು.

ಕ್ಯಾಲಿಬರ್ ಅಂದ್ರೆ ಇಷ್ಟೇ

ನಳಿಗೆಯ ಒಳಗಿನ ಅಗಲವೇ ಕ್ಯಾಲಿಬರ್. ಲೆಕ್ಕ ಇಂಚಿನಲ್ಲಿ. .177 ಅಂದ್ರೆ 4.5 ಮಿಲಿಮೀಟರ್. .22 ಅಂದ್ರೆ 5.5 ಮಿ.ಮೀ. .25 ಅಂದ್ರೆ 6.35 ಮಿ.ಮೀ. ನಡುವೆ .20 ಅಂತ 5 ಮಿ.ಮೀ.ದೂ ಒಂದಿದೆ, ಬಳಸೋರು ಕಡಿಮೆ.

ಜಾತ್ರೆಯಲ್ಲಿ ಬಲೂನ್ ಹೊಡೆಯೋಕೆ ಕೊಡ್ತಾರಲ್ಲ, ಆ ಬಂದೂಕು ಸಾಮಾನ್ಯವಾಗಿ .177. ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಗೂ ಅದೇ ಅಳತೆ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಈ 4.5 ಮಿ.ಮೀ. ಪೆಲೆಟ್‌ನಿಂದಲೇ.

ಪೆಲೆಟ್ ಸೀಸದ್ದು. ಡಮರುವಿನ ಹಾಗೆ ನಡು ಸಣ್ಣ, ಹಿಂದೆ ಟೊಳ್ಳು. ಸಾಮಾನ್ಯ .177 ಪೆಲೆಟ್ ತೂಕ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿ, .22ದು ಸುಮಾರು ಒಂದು ಗ್ರಾಂ. ಅಂದ್ರೆ ಅಗಲದಲ್ಲಿ ಒಂದೇ ಮಿಲಿಮೀಟರ್ ವ್ಯತ್ಯಾಸ ಇದ್ದರೂ ತೂಕ ಹೆಚ್ಚೂಕಡಿಮೆ ಡಬಲ್. ಇಡೀ ಚರ್ಚೆ ಹುಟ್ಟೋದೇ ಇಲ್ಲಿಂದ.

ಇಂಗ್ಲೆಂಡಿನ ಮೊಲದ ಲೆಕ್ಕ

ಇಂಗ್ಲೆಂಡಿನಲ್ಲಿ ಮೊಲ ಅಂದ್ರೆ ರೈತರಿಗೆ ಪಿಡುಗು. ಜಮೀನಿನಲ್ಲಿ ಮೊಲ ಹತೋಟಿ ಮಾಡೋದು ಜಮೀನುದಾರನ ಹೊಣೆ ಅಂತ 1954ರಲ್ಲೇ ಅಲ್ಲಿ ಕಾಯ್ದೆ ಬಂದಿದೆ. ಹಾಗಾಗಿ ಏರ್ ರೈಫಲ್ ಹಿಡಿದು ಮೊಲಕ್ಕೆ ಹೋಗೋದು ಅಲ್ಲಿ ಕಾನೂನಿನ ಒಳಗೇ ಇರೋ ಕೆಲಸ. ಇಂಗ್ಲೆಂಡ್, ವೇಲ್ಸ್‌ನಲ್ಲಿ 12 ಫುಟ್-ಪೌಂಡ್ ಶಕ್ತಿ ಮೀರದ ಏರ್ ರೈಫಲ್‌ಗೆ ಸರ್ಟಿಫಿಕೇಟ್ ಬೇಕಿಲ್ಲ. ನಮ್ಮ ಲೆಕ್ಕದಲ್ಲಿ ಅದು 16 ಜೂಲ್ ಚಿಲ್ಲರೆ. ಸ್ಕಾಟ್ಲೆಂಡ್ ಮಾತ್ರ 2016ರ ಕೊನೆಯಿಂದ ಅದಕ್ಕೂ ಲೈಸೆನ್ಸ್ ಕಡ್ಡಾಯ ಮಾಡಿದೆ.

ಶಕ್ತಿಗೆ ಮಿತಿ ಇದ್ದಾಗ ಕ್ಯಾಲಿಬರ್ ಆಯ್ಕೆ ಮಜಾ ಇರುತ್ತೆ. ಅದೇ 16 ಜೂಲ್‌ನಲ್ಲಿ ಅರ್ಧ ಗ್ರಾಂನ .177 ಪೆಲೆಟ್ ಸೆಕೆಂಡಿಗೆ ಸುಮಾರು 240 ಮೀಟರ್ ವೇಗದಲ್ಲಿ ಹೋಗುತ್ತೆ. ಒಂದು ಗ್ರಾಂನ .22ಗೆ ಸಿಗೋದು 175ರ ಆಸುಪಾಸು. ನಿಧಾನಕ್ಕೆ ಹೋಗೋದು ದಾರಿಯಲ್ಲಿ ಜಾಸ್ತಿ ಕೆಳಗಿಳಿಯುತ್ತೆ. 30 ಮೀಟರ್ ದೂರ ಮುಟ್ಟೋ ಹೊತ್ತಿಗೆ .177 ಸುಮಾರು 9 ಸೆಂಟಿಮೀಟರ್ ಇಳಿದಿದ್ದರೆ, .22 ಸುಮಾರು 15 ಸೆಂ.ಮೀ. ಇಳಿದಿರುತ್ತೆ.

ಇಳಿದರೇನು, ದುರ್ಬೀನನ್ನ ಅದಕ್ಕೆ ತಕ್ಕ ಹಾಗೆ ಹೊಂದಿಸ್ಕೊಳ್ಳಬಹುದಲ್ಲ ಅನ್ನಬಹುದು. ಹೊಂದಿಸಬಹುದು, ಆದರೆ ದೂರದ ಅಂದಾಜು ಸರಿ ಇರಬೇಕು. 30 ಮೀಟರ್‌ಗೆ ಹೊಂದಿಸಿದ ಬಂದೂಕಿನಲ್ಲಿ 35 ಮೀಟರ್ ದೂರದ ಪ್ರಾಣಿಗೆ ಹೊಡೆದರೆ .22 ಪೆಲೆಟ್ ಸುಮಾರು 3 ಸೆಂ.ಮೀ. ಕೆಳಗೆ ಬೀಳುತ್ತೆ, .177 ಅದರ ಅರ್ಧದಷ್ಟು. ಏರ್ ರೈಫಲ್‌ನಿಂದ ಮೊಲ ತಕ್ಷಣ ಸಾಯಬೇಕಾದರೆ ಕಣ್ಣು-ಕಿವಿ ನಡುವೆ, ನಿಂಬೆಹಣ್ಣಿನಷ್ಟು ಜಾಗಕ್ಕೇ ಬೀಳಬೇಕು. 3 ಸೆಂ.ಮೀ. ತಪ್ಪಿದರೆ ದವಡೆ ಒಡೆದು ಹೋಗುತ್ತೆ, ಮೊಲ ಬಿಲ ಸೇರ್ಕೊಂಡು ದಿನಗಟ್ಟಲೆ ನರಳಿ ಸಾಯುತ್ತೆ.

‘ರೆಕ್ಕೆಗೆ .177, ತುಪ್ಪಟಕ್ಕೆ .22’ ಅನ್ನೋದು ಅಲ್ಲಿನ ಬೇಟೆಗಾರರ ಹಳೇ ಮಾತು. ಹಕ್ಕಿಗೆ ಸಣ್ಣದು, ಮೊಲ-ಅಳಿಲಿಗೆ ದೊಡ್ಡದು ಅಂತ. ದೊಡ್ಡ ಪೆಲೆಟ್ ದೊಡ್ಡ ಗಾಯ ಮಾಡುತ್ತೆ, ಗಾಳಿಗೂ ಅಷ್ಟಾಗಿ ಅಲುಗಾಡಲ್ಲ ಅನ್ನೋದು ಅದರ ಹಿಂದಿನ ಲೆಕ್ಕ. ಅದು ಸುಳ್ಳೇನಲ್ಲ. ಆದರೆ ಏರ್ ರೈಫಲ್ ಕೋವಿಯ ಹಾಗೆ ಹೊಡೆತದ ರಭಸಕ್ಕೇ ಪ್ರಾಣಿಯನ್ನ ಬೀಳಿಸೋ ಆಯುಧ ಅಲ್ಲ. ಜಾಗಕ್ಕೆ ಬಿದ್ದರೆ 4.5 ಮಿ.ಮೀ. ಸಾಕು, ಜಾಗ ತಪ್ಪಿದರೆ 5.5 ಮಿ.ಮೀ.ಯೂ ಉಪಯೋಗ ಇಲ್ಲ. .25 ಬಗ್ಗೆಯಂತೂ ಹೇಳೋದೇ ಬೇಡ. 16 ಜೂಲ್‌ನಲ್ಲಿ ಅದರ ಪೆಲೆಟ್ ಎಸೆದ ಕಲ್ಲಿನ ಹಾಗೆ ಬಾಗಿಕೊಂಡು ಹೋಗುತ್ತೆ. ಸರ್ಟಿಫಿಕೇಟ್ ಇರೋ ಜಾಸ್ತಿ ಶಕ್ತಿಯ ಬಂದೂಕಿಗಷ್ಟೇ ಅದು ಸರಿ.

ಇನ್ನೊಂದು ವಿಷಯ. ಆ ವಿಡಿಯೊಗಳಲ್ಲಿ ಕಾಣೋ ಮೊಲ ಮತ್ತು ನಮ್ಮ ಹೊಲದ ಕಾಡುಮೊಲ ಒಂದೇ ಪ್ರಾಣಿ ಅಲ್ಲ. ಅಲ್ಲಿಯದು ಬಿಲ ತೋಡಿ ಗುಂಪಾಗಿ ಬದುಕೋ ಜಾತಿ. ನಮ್ಮದು ಬಿಲ ತೋಡಲ್ಲ, ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮಲಗೋ ಜಾತಿ. ಕನ್ನಡದಲ್ಲಿ ಎರಡಕ್ಕೂ ಮೊಲ ಅಂತಲೇ ಹೆಸರು, ಕಾನೂನಿನಲ್ಲಿ ಮಾತ್ರ ಅಜಗಜಾಂತರ.

ನಮ್ಮಲ್ಲಿ ಕ್ಯಾಲಿಬರ್ ಅಂದ್ರೆ ಲೈಸೆನ್ಸ್

ಭಾರತದಲ್ಲಿ 2016ರ ಆಯುಧ ನಿಯಮಗಳು ಏರ್‌ಗನ್‌ಗೆ ಎರಡು ಗೆರೆ ಎಳೆದಿವೆ. ಒಂದು, ನಳಿಗೆ .177 ಮೀರಬಾರದು. ಎರಡು, ಶಕ್ತಿ 20 ಜೂಲ್ ಮೀರಬಾರದು. ಎರಡೂ ಒಳಗಿದ್ದರೆ ಮಾತ್ರ ಇಟ್ಟುಕೊಳ್ಳೋಕೆ ಲೈಸೆನ್ಸ್ ಬೇಕಿಲ್ಲ. ಯಾವುದಾದರೂ ಒಂದು ಗೆರೆ ದಾಟಿದರೂ ಅದು ಲೈಸೆನ್ಸ್ ಬೇಕಾದ ಆಯುಧ. ‘ಏರ್‌ಗನ್‌ಗೆ ಲೈಸೆನ್ಸ್ ಬೇಡ’ ಅನ್ನೋ ಮಾತು ಅರ್ಧ ಸತ್ಯ ಅಷ್ಟೇ. .22 ಏರ್‌ಗನ್ ಎಷ್ಟೇ ದುರ್ಬಲ ಇರಲಿ, ಜಾತ್ರೆ ಬಂದೂಕಿಗಿಂತ ಕಡಿಮೆ ಶಕ್ತಿದೇ ಆಗಿರಲಿ, ಲೈಸೆನ್ಸ್ ಇಲ್ಲದೆ ಮನೆಯಲ್ಲಿದ್ದರೆ ಆಯುಧ ಕಾಯ್ದೆ ಕೇಸು.

.177 ತಗೊಂಡೆ, ನಂಗೇನು ಅಂದ್ಕೊಳ್ಳೋರು ಡಬ್ಬದ ಮೇಲಿನ ಬರಹವನ್ನೊಮ್ಮೆ ನೋಡಬೇಕು. ಎಷ್ಟೋ ಕಂಪನಿಗಳು ಅಲ್ಲಿ ಜೂಲ್ ಬರೆಯೋದರ ಜೊತೆಗೆ, ಕೆಲವು ಸಲ ಅದರ ಬದಲಿಗೆ, ‘ಸೆಕೆಂಡಿಗೆ 1000 ಅಡಿ ವೇಗ’ ಅಂತ ದೊಡ್ಡದಾಗಿ ಹಾಕ್ತವೆ. ವೇಗವನ್ನ ಜೂಲ್‌ಗೆ ತರೋದು ಕಷ್ಟ ಇಲ್ಲ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು: ಪೆಲೆಟ್ ತೂಕ ಗ್ರಾಂನಲ್ಲಿ, ಅದಕ್ಕೆ ವೇಗ ಗುಣಿಸು, ಮತ್ತೊಮ್ಮೆ ವೇಗ ಗುಣಿಸು, ಬಂದಿದ್ದನ್ನ 2000ದಿಂದ ಭಾಗಿಸು. ವೇಗ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಇರಬೇಕು. 1000 ಅಡಿ ಅಂದ್ರೆ 305 ಮೀಟರ್. ಪೆಲೆಟ್ 0.54 ಗ್ರಾಂ ಇದ್ದರೆ 25 ಜೂಲ್ ಬರುತ್ತೆ. ಗೆರೆ ದಾಟಿತು. ಅದೇ ವೇಗಕ್ಕೆ 0.35 ಗ್ರಾಂನ ಹಗುರ ಪೆಲೆಟ್ ಹಾಕಿದರೆ 16 ಜೂಲ್, ಗೆರೆ ಒಳಗೆ. ಜಾಹೀರಾತಿನ ವೇಗ ಎಷ್ಟೋ ಸಲ ಇಂಥ ಹಗುರ ಪೆಲೆಟ್ ಹಾಕಿ ಅಳೆದದ್ದು. ಆದ್ದರಿಂದ ವೇಗ ನೋಡಿ ಖುಷಿಪಡೋದಕ್ಕಿಂತ ಬಿಲ್‌ನಲ್ಲಿ ಕ್ಯಾಲಿಬರ್ ಮತ್ತು ಜೂಲ್ ಎರಡನ್ನೂ ಬರೆಸ್ಕೊಳ್ಳೋದು ಬುದ್ಧಿವಂತಿಕೆ. ನಾಳೆ ಯಾರಾದರೂ ಕೇಳಿದರೆ ತೋರಿಸೋಕೆ ಅದೇ ಆಧಾರ.

ತಾಲ್ಲೂಕಿನ ಅಂಗಡಿಯವರಿಗೂ ಇದು ಸಂಬಂಧಪಟ್ಟಿದ್ದೇ. ಆಟದ ಸಾಮಾನಿನ ಜೊತೆಗೆ ‘ನಾಲ್ಕು ಏರ್‌ಗನ್ ಇಟ್ಟರೆ ಹೋಗುತ್ತೆ’ ಅಂತ ತರಿಸೋ ಮುಂಚೆ ಆಯುಧ ಮಾರಾಟದ ನಿಯಮ ಏನು ಅಂತ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು. ಗಿರಾಕಿಯ ಗುರುತಿನ ಚೀಟಿ, ವಿಳಾಸದ ದಾಖಲೆ ಇಲ್ಲದೆ, ಹುಡುಗರ ಕೈಗೆ ಕೊಡೋ ಮಾಲು ಇದಲ್ಲ. ಗೋಡೌನ್‌ನಲ್ಲಿ ಹೆಗ್ಗಣ ಹೊಡೆಯೋಕೆ ಅಂತ ತಾವೇ ಇಟ್ಕೊಳ್ಳೋ ಯೋಚನೆ ಇದ್ದರೆ, ಸೀಸದ ಪೆಲೆಟ್ ಸಿಮೆಂಟ್ ನೆಲಕ್ಕೆ, ಕಬ್ಬಿಣದ ರ್ಯಾಕ್‌ಗೆ ಬಡಿದು ಯಾವ ಕಡೆಗಾದರೂ ಹಾರುತ್ತೆ. ಕಣ್ಣಿಗೆ ಬಿದ್ದರೆ ಕಣ್ಣು ಹೋಯ್ತು. ಹೆಗ್ಗಣಕ್ಕೆ ಬೋನೇ ವಾಸಿ.

ಬಂದೂಕು ಸರಿ, ಗುರಿ ಯಾವುದು?

ಇಷ್ಟೆಲ್ಲ ಸರಿಯಾಗಿ ನೋಡಿ, 20 ಜೂಲ್ ಒಳಗಿನ .177 ತಂದಿಟ್ಟರು ಅಂತಲೇ ಇಟ್ಕೊಳ್ಳೋಣ. ಅದರಿಂದ ಮೊಲ ಹೊಡೆಯಬಹುದಾ? ಇಲ್ಲ. ಬಂದೂಕಿಗೆ ಲೈಸೆನ್ಸ್ ಬೇಡ ಅನ್ನೋದು ಆಯುಧ ಕಾಯ್ದೆ. ಪ್ರಾಣಿಗೆ ಹೊಡೆಯಬಾರದು ಅನ್ನೋದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಒಂದರಲ್ಲಿ ವಿನಾಯಿತಿ ಇದೆ ಅಂತ ಇನ್ನೊಂದರಲ್ಲಿ ಸಿಗಲ್ಲ. ಕೊಡಗಿನವರಿಗೆ ಇದು ಚೆನ್ನಾಗಿ ಗೊತ್ತು. ಕೊಡವರು ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿದೆ. ಆದರೆ ಆ ವಿನಾಯಿತಿ ಕೋವಿ ಇಟ್ಕೊಳ್ಳೋಕೆ, ಶಿಕಾರಿಗಲ್ಲ.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಶಿಕ್ಷೆ ಇನ್ನೂ ಬಿಗಿಯಾಗಿದೆ. ಕಾಡುಮೊಲ ಎರಡನೇ ಪರಿಚ್ಛೇದದಲ್ಲಿದೆ. ಹೊಡೆದರೆ ಮೂರು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ನವಿಲು ಮೊದಲನೇ ಪರಿಚ್ಛೇದ. ತೋಟದವರಿಗೆ ಆಶ್ಚರ್ಯ ಆಗಬಹುದು, ನಮ್ಮ ಊರಿನ ಮಾಮೂಲಿ ಕೆಂಪುಮೂತಿ ಮಂಗ ಕೂಡ ಈಗ ಮೊದಲನೇ ಪರಿಚ್ಛೇದದಲ್ಲೇ ಇದೆ. ಇವಕ್ಕೆ ಹೊಡೆದು ಸಿಕ್ಕಿಬಿದ್ದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಬಂದೂಕು, ಹೋಗಿದ್ದ ಬೈಕು ಎರಡೂ ಜಪ್ತಿ.

‘ಕೊಲ್ಲೋಕಲ್ಲ, ಹೆದರಿಸೋಕೆ ಹೊಡೆದಿದ್ದು’ ಅನ್ನೋ ಮಾತು ಎಲ್ಲ ಕಡೆ ಕೇಳಿಬರುತ್ತೆ. ಕಾಯ್ದೆಯ ಪ್ರಕಾರ ಬೇಟೆ ಅಂದ್ರೆ ಕೊಲ್ಲೋದಷ್ಟೇ ಅಲ್ಲ. ಗಾಯ ಮಾಡೋದೂ ಬೇಟೆ, ಕೊಲ್ಲೋಕೆ ಪ್ರಯತ್ನ ಮಾಡೋದೂ ಬೇಟೆ. ತಾಗಿದ ಮೇಲೆ ಹೆದರಿಸೋಕೆ ಅಂತ ಹೇಳಿದರೆ ಪ್ರಯೋಜನ ಇಲ್ಲ. ಬೀದಿನಾಯಿಗೆ ಹೊಡೆದ್ರೆ ವನ್ಯಜೀವಿ ಕಾಯ್ದೆ ಬರಲ್ಲ, ಆದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಬರುತ್ತೆ. ಅಲ್ಲಿ ಐದು ವರ್ಷದವರೆಗೆ ಶಿಕ್ಷೆ ಇದೆ.

ಸಣ್ಣ ಪೆಲೆಟ್‌ನಿಂದ ಏನು ಮಹಾ ಆಗುತ್ತೆ ಅನ್ನೋರಿಗೆ ಅರುಣಾಚಲ ಪ್ರದೇಶದ ಉದಾಹರಣೆ ಇದೆ. ಅಲ್ಲಿ ಮನೆಮನೆಯಲ್ಲಿದ್ದ ಏರ್‌ಗನ್‌ಗಳಿಂದ ಹಕ್ಕಿಗಳ ಬೇಟೆ ಎಷ್ಟು ಹೆಚ್ಚಿತ್ತು ಅಂದ್ರೆ, 2021ರ ಮಾರ್ಚ್‌ನಲ್ಲಿ ಸರ್ಕಾರವೇ ಏರ್‌ಗನ್ ಒಪ್ಪಿಸೋ ಅಭಿಯಾನ ಶುರು ಮಾಡಿತು. ಜನ ತಾವಾಗಿ ಸಾವಿರಕ್ಕೂ ಹೆಚ್ಚು ಬಂದೂಕು ತಂದುಕೊಟ್ಟರು.

ಹಾಗಾದ್ರೆ ತೋಟ ಉಳಿಸೋದು ಹೆಂಗೆ ಅನ್ನೋ ರೈತನ ಪ್ರಶ್ನೆ ನ್ಯಾಯವಾದದ್ದೇ. ಬೆಳೆ ಹಾಳು ಮಾಡೋ ಪ್ರಾಣಿಯನ್ನ ಕೊಲ್ಲೋಕೆ ಲಿಖಿತ ಅನುಮತಿ ಕೊಡೋ ಅಧಿಕಾರ ಎರಡನೇ ಪರಿಚ್ಛೇದದ ಪ್ರಾಣಿಗಳ ಮಟ್ಟಿಗೆ ಅರಣ್ಯ ಇಲಾಖೆಗೆ ಇದೆ. ಕಾಡುಹಂದಿ ಆ ಪಟ್ಟಿಯಲ್ಲಿದೆ, ಮಂಗ-ನವಿಲು ಇಲ್ಲ. ಅಂಥ ಅನುಮತಿ ಸಿಕ್ಕಿದರೂ ಹಂದಿಗೆ .177 ಏರ್‌ಗನ್ ಹಿಡಿದು ಹೋಗೋದು ಹುಚ್ಚುತನ. ಚರ್ಮ ದಾಟೋದೇ ಕಷ್ಟ, ಗಾಯಗೊಂಡ ಹಂದಿ ತಿರುಗಿಬಿದ್ದರೆ ಮರ ಹತ್ತೋಕೂ ಸಮಯ ಇರಲ್ಲ. ಕಾಡಾನೆ, ಕಾಡುಹಂದಿಯಂಥವುಗಳಿಂದ ಬೆಳೆ ಹೋದರೆ ಪರಿಹಾರಕ್ಕೆ ಅರ್ಜಿ ಹಾಕೋಕೆ ಅವಕಾಶ ಇದೆ. ಹಾನಿ ಆದ ದಿನವೇ ಫೋಟೊ ತೆಗೆದು, ಪಹಣಿ ಜೊತೆಗೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಕೊಡಬೇಕು. ತುಳಿದ ಗದ್ದೆಯನ್ನ ಇಲಾಖೆಯವರು ಬಂದು ನೋಡೋವರೆಗೂ ಸರಿ ಮಾಡೋಕೆ ಹೋಗಬೇಡಿ. ಕಚೇರಿ ದೂರ ಇದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಬಹುದು.