ಗಾಡಿ ಎಲ್ಲಿದೆ, ಯಾರಿಗೆಲ್ಲ ಗೊತ್ತು?

ಸೊಲ್ಲಾಪುರದಿಂದ ಬಾಡಿಗೆ ಕಾರು ಹಿಡಿದು, ಅಕ್ಕಲಕೋಟದ ಸ್ವಾಮಿ ಸಮರ್ಥರ ದರ್ಶನ ಮುಗಿಸಿ, ಗಡಿ ದಾಟಿ ಗಾಣಗಾಪುರಕ್ಕೆ ಹೋಗುವ ಭಕ್ತರು ಬಹಳ. ಆ ದಾರಿಯೆಲ್ಲ ಈಗ ದಾಖಲಾಗಬಲ್ಲದು.

2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಜಿಪಿಎಸ್ ಸಾಧನ, ತುರ್ತು ಗುಂಡಿ ಕಡ್ಡಾಯ. ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗವನ್ನು ಲೆಕ್ಕಹಾಕುವ ಸಾಧನ, ಸಿಮ್ ಮೂಲಕ ಅದನ್ನು ಸರ್ವರ್‌ಗೆ ಕಳಿಸುತ್ತದೆ. ರಾತ್ರಿ ಒಂಟಿ ಹೆಣ್ಣುಮಗಳು ಗುಂಡಿ ಒತ್ತಿದರೆ ನೆರವು ಎಲ್ಲಿಗೆ ಬರಬೇಕೆಂಬುದು ತಿಳಿಯಲಿ ಎಂಬುದೇ ಉದ್ದೇಶ.

ಆದರೆ ಚಾಲಕ ಯಾವ ಆಸ್ಪತ್ರೆ ಮುಂದೆ ಎಷ್ಟು ಹೊತ್ತು ನಿಂತ ಎಂಬುದನ್ನೂ ಅಂಥ ದಾಖಲೆ ಹೇಳಿಬಿಡುತ್ತದೆ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿತು. ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಹಕ್ಕು ಚಾಲಕನಿಗೂ ಇರುವುದರಿಂದ, ದಾಖಲೆ ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ ಎಂಬುದು ಚಾಲಕನಿಗೆ ಮೊದಲೇ ತಿಳಿದಿರಬೇಕು. ಡ್ಯೂಟಿ ಮುಗಿದ ಮೇಲಿನ ಓಡಾಟ ಮಾಲೀಕರ ಮೊಬೈಲಿನಲ್ಲಿ ಕಾಣಬಾರದು.