ಪರದೇಶದಲ್ಲಿ ಮಗಳಿಗೆ ಪಾಠಶಾಲೆಯನ್ನು ಆರಿಸುವ ಕ್ರಮ

ಇಂಗ್ಲೆಂಡಿಗೆ ಹೋಗಿ ನೆಲೆಸುವ ತಾಯಿತಂದೆಗಳು ಮಗಳಿಗೆ ಖಾಸಗಿ ಪಾಠಶಾಲೆಯನ್ನು ಆರಿಸುವಾಗ, ಶಾಲೆಯ ಹೆಸರಿಗಿಂತ ಮೊದಲು ಮಗಳ ವಯಸ್ಸನ್ನು ಆಲೋಚಿಸತಕ್ಕದ್ದು. ಅಲ್ಲಿ 16ನೆಯ ವಯಸ್ಸಿನಲ್ಲಿ ಕೊಡತಕ್ಕ ಜಿ.ಸಿ.ಎಸ್.ಇ. ಪರೀಕ್ಷೆಯ ವ್ಯಾಸಂಗವು ಸಾಮಾನ್ಯವಾಗಿ 14ರಲ್ಲಿ ಆರಂಭವಾಗಿ ಎರಡು ವರುಷ ನಡೆಯುವುದು. ಪರೀಕ್ಷಾಮಂಡಲಿಗಳು ಹಲವಿರುವುದರಿಂದ ಪಠ್ಯವೂ ಶಾಲೆಯಿಂದ ಶಾಲೆಗೆ ಭೇದಿಸುವುದುಂಟು. ನಡುವೆ ಸೇರಿದ ಹುಡುಗಿಯು ಕಳೆದುಹೋದ ಪಾಠಗಳನ್ನು ಒಬ್ಬಳೇ ಕಲಿಯಬೇಕಾದೀತು. ಆದಕಾರಣ ಆ ಪಾಠಗಳನ್ನು ಯಾರು, ಯಾವಾಗ ಕಲಿಸುವರೆಂದು ಮುಖ್ಯೋಪಾಧ್ಯಾಯಿನಿಯವರನ್ನು ಮುಂಚಿತವಾಗಿ ವಿಚಾರಿಸಿರಿ. ಪ್ರಕಟವಾದ ತನಿಖೆಯ ವರದಿಯನ್ನೂ ಓದಿರಿ. ಎರಡು ವರುಷಗಳ ಶುಲ್ಕವನ್ನು ಎಣಿಸುವಾಗ, 2025ನೆಯ ಜನವರಿಯಿಂದ ಅದರ ಮೇಲೆ ವಿಧಿಸಿರುವ ಶೇಕಡ 20ರ ತೆರಿಗೆಯನ್ನು ಮರೆಯಬಾರದು. ಹಣ ಸಾಲದೆ ಮಗಳನ್ನು ನಡುವೆ ಬಿಡಿಸುವುದಕ್ಕಿಂತ, ಶುಲ್ಕವಿಲ್ಲದ ಸರಕಾರೀ ಶಾಲೆಗೆ ಮೊದಲೇ ಸೇರಿಸುವುದು ಲೇಸು.